3 ಹೋಳಿಗೆ, 4 ಮಕ್ಕಳು: ಒಬ್ಬರ ಪಾಲು ಎಷ್ಟು?

ಪ್ರಶ್ನೆ: ಮಗಳು 5ನೇ ತರಗತಿ. ‘4 ಮಕ್ಕಳಿಗೆ 3 ಹೋಳಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು?’ ಎಂಬ ಲೆಕ್ಕಕ್ಕೆ 4 ÷ 3 ಎಂದು ಬರೆದಳು. ಚಿತ್ರ ಬರೆಸಿದರೆ 3/12 ಎಂದಳು. ಹೋಳಿಗೆ 7 ಇದ್ದರೆ 1.3 ಅಂತೆ! ಎಲ್ಲಿ ಎಡವುತ್ತಿದ್ದಾಳೆ?

ಉತ್ತರ: ಮೂರೂ ಬೇರೆ ಬೇರೆ ತಪ್ಪುಗಳು. ಚಿಕ್ಕ ತರಗತಿಗಳಲ್ಲಿ ದೊಡ್ಡ ಸಂಖ್ಯೆಯನ್ನೇ ಚಿಕ್ಕದರಿಂದ ಭಾಗಿಸಿ ರೂಢಿಯಾಗಿರುತ್ತದೆ. ಮಕ್ಕಳು ಅದನ್ನೇ ನಿಯಮ ಅಂದುಕೊಳ್ಳುತ್ತಾರೆ. ಸಾಲದ್ದಕ್ಕೆ ಈ ಲೆಕ್ಕದಲ್ಲಿ 4 ಮೊದಲು ಬಂದಿದೆ. ‘ಹಂಚುವುದು ಏನನ್ನು? ಎಷ್ಟು ಜನಕ್ಕೆ?’ ಎಂದು ಕೇಳಿ. ಹಂಚುವ ವಸ್ತು ಭಾಜ್ಯ, ಅದು ಅಂಶವಾಗಿ ಮೇಲೆ. ಜನ ಭಾಜಕ, ಛೇದವಾಗಿ ಕೆಳಗೆ. 3 ÷ 4 = 3/4. ಹೋಳಿಗೆಗಿಂತ ಮಕ್ಕಳೇ ಹೆಚ್ಚಿರುವಾಗ ಒಬ್ಬರಿಗೆ ಇಡೀ ಒಂದು ಸಿಗುವುದಿಲ್ಲ. ಉತ್ತರ ಒಂದನ್ನು ದಾಟಿದರೆ ಸಂಖ್ಯೆಗಳು ತಲೆಕೆಳಗಾಗಿವೆ.

ಹೆಚ್ಚು ಹೊತ್ತು ಕೊಡಬೇಕಾದ್ದು 3/12ಕ್ಕೆ. ಅವಳು ಒಂದೊಂದು ಹೋಳಿಗೆಯನ್ನೂ 4 ತುಂಡು ಮಾಡಿದ್ದಾಳೆ, ಒಟ್ಟು 12 ತುಂಡು, ಒಬ್ಬರಿಗೆ 3. ಹಂಚಿಕೆ ಸರಿಯಾಗಿಯೇ ಇದೆ. ಆದರೆ 3/12 ಎಂದರೆ ಎಲ್ಲ ಹೋಳಿಗೆಗಳಲ್ಲಿ ಕಾಲು ಭಾಗ. ಪ್ರಶ್ನೆ ಕೇಳಿದ್ದು ಒಂದು ಹೋಳಿಗೆಯ ಲೆಕ್ಕದಲ್ಲಿ. ಒಂದು ಹೋಳಿಗೆಗೆ ಇರುವುದು 4 ತುಂಡು, ಹಾಗಾಗಿ ಛೇದ 4. ಒಬ್ಬರ ಪಾಲಿನ 3 ತುಂಡನ್ನು ಒಂದೇ ವೃತ್ತದೊಳಗೆ ಜೋಡಿಸಿ ತೋರಿಸಿ, ಮುಕ್ಕಾಲು ವೃತ್ತ ತುಂಬುತ್ತದೆ. ಮುಕ್ಕಾಲು ಎಂದರೇ ಮೂರು ಕಾಲು. ಉತ್ತರ ನಮ್ಮ ಮಾತಿನಲ್ಲೇ ಇದೆ! ಇನ್ನೊಂದು ರೀತಿ: 2 ಹೋಳಿಗೆಯನ್ನು ಅರ್ಧರ್ಧ ಮಾಡಿ ಹಂಚಿ, ಉಳಿದ ಒಂದನ್ನು ನಾಲ್ಕು ಮಾಡಿ. ಒಬ್ಬರಿಗೆ ಅರ್ಧ, ಮೇಲೊಂದು ಕಾಲು. ಆಗಲೂ ಮುಕ್ಕಾಲೇ. ಉತ್ತರವನ್ನು ಪಕ್ಕದಲ್ಲಿ ‘ಹೋಳಿಗೆ’ ಎಂದು ಸೇರಿಸಿಯೇ ಬರೆಸಿ.

ಕನ್ನಡದಲ್ಲಿ ಒಂದು ತೊಡಕೂ ಇದೆ. 2/3 ಅನ್ನು ನಾವು ‘ಮೂರನೇ ಎರಡು’ ಎನ್ನುತ್ತೇವೆ, ಛೇದವೇ ಮೊದಲು. ಕೇಳಿದ ಕ್ರಮದಲ್ಲೇ ಬರೆಯುವ ಮಗು 3/2 ಬರೆದುಬಿಡುತ್ತದೆ.

ಇನ್ನು 7 ÷ 4. ಭಾಗಲಬ್ಧ 1, ಶೇಷ 3. ಆ 3 ಇಡೀ ಹೋಳಿಗೆಗಳು, ಇನ್ನೂ ಹಂಚಬೇಕಾದವು. ಅವನ್ನೂ ನಾಲ್ವರಿಗೆ ಹಂಚಿದರೆ 3/4, ಒಟ್ಟು ಒಂದೂಮುಕ್ಕಾಲು. 1.3 ಎಂದರೆ ಒಂದು ಮತ್ತು ಹತ್ತನೇ ಮೂರು. ಶೇಷವನ್ನು ಬಿಂದುವಿನ ಮುಂದೆ ಇಡುವ ಹಾಗಿಲ್ಲ. 7 ರೂಪಾಯಿಯನ್ನು ನಾಲ್ವರಿಗೆ ಹಂಚಿಸಿ ನೋಡಿ: ತಲಾ 1 ರೂಪಾಯಿ 75 ಪೈಸೆ. ತಾಳೆಗೆ 7/4 ಅನ್ನು 4ರಿಂದ ಗುಣಿಸಿದರೆ 7 ಬರಬೇಕು.

ತುಂಡು ಮಾಡಲಾಗದ ವಸ್ತುವಾದರೆ ಭಿನ್ನರಾಶಿ ಬೇಡ. 7 ಚೆಂಡನ್ನು ನಾಲ್ವರಿಗೆ ಹಂಚಿದರೆ ತಲಾ 1, ಉಳಿದದ್ದು 3. ಆಟೋಗೆ ಮೂವರಂತೆ 7 ಜನ ಹೋಗುವುದಾದರೆ 3 ಆಟೋ ಬೇಕು.