ಎಂಜಿಬಿ ಹೀಟರ್ ತಣ್ಣಗೆ ಊದುತ್ತಿದೆಯಾ? ಎರಡನೇ ಬಾಟಲಿ ಸುರಿಯಬೇಡಿ

ಸರ್, ಆ ಎರಡನೇ ಬಾಟಲಿ ಮೊದಲು ಕೆಳಗಿಡಿ. ನೀವು ಬರೆದದ್ದು ಇಷ್ಟು: ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1972ರ ಎಂಜಿಬಿ ಜಿಟಿ, ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಹೀಟರ್ ವಾಲ್ವ್ (ಎಂಜಿನ್‌ನ ಬಿಸಿ ನೀರನ್ನು ಹೀಟರ್‌ಗೆ ಬಿಡುವ ನಲ್ಲಿ) ಹತ್ತಿರ ನೀರು ತೊಟ್ಟಿಕ್ಕುತ್ತಿತ್ತು, ರೇಡಿಯೇಟರ್‌ಗೆ ಒಂದು ಬಾಟಲಿ ಸ್ಟಾಪ್‌ಲೀಕ್, ಅಂದರೆ ಸೋರಿಕೆ ಮುಚ್ಚುವ ಪುಡಿ ಇರುವ ದ್ರವ, ಸುರಿದಿರಿ, ತೊಟ್ಟಿಕ್ಕುವುದು ನಿಂತಿತು. ಸ್ವಲ್ಪ ದಿನದಲ್ಲೇ ಹೀಟರ್ ತಣ್ಣಗೆ ಊದಲು ಶುರು ಮಾಡಿತು. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್‌ಗೆ ನೀರು ಬಿಡದ ವಾಲ್ವ್) ಬದಲಾಯಿಸಿದಿರಿ, ಉಪಯೋಗ ಆಗಲಿಲ್ಲ. ಈಗ ಎರಡನೇ ಬಾಟಲಿ, ಒಳಗೆ ತೊಳೆಯುವ ಫ್ಲಶ್ ಕೆಮಿಕಲ್, ಹಾಕಿ ನೋಡ್ತೀನಿ, ಆಗದಿದ್ದರೆ ಹೊಸ ಮ್ಯಾಟ್ರಿಕ್ಸ್ (ಹೀಟರ್ ಒಳಗಿನ ಪುಟ್ಟ ರೇಡಿಯೇಟರ್) ಅಂತಿದ್ದೀರಿ. ಇದೇ ದಾರಿಯಲ್ಲಿ ಹೋಗಿ ದುಡ್ಡು ಕಳೆದುಕೊಂಡವನು ನಾನು. ಅದಕ್ಕೇ ಈ ಉದ್ದದ ಉತ್ತರ.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ನಾಬ್ ಪೂರ್ತಿ ಬಿಸಿಗೆ ಇರಲಿ. ಎಂಜಿನ್ ಆಫ್ ಮಾಡಿ ಹೀಟರ್‌ನ ಎರಡೂ ಹೋಸ್ ಮುಟ್ಟಿ ನೋಡಿ. ಎರಡೂ ಬಿಸಿ ಇದ್ದರೆ ನೀರಿನ ಕಡೆ ತೊಂದರೆ ಇಲ್ಲ, ಗಾಳಿಯ ಕಡೆ ಹುಡುಕಬೇಕು. ಹೋಗುವುದು ಸುಡುತ್ತಿದ್ದು ವಾಪಸ್ ಬರುವುದು ತಣ್ಣಗಿದ್ದರೆ ಮ್ಯಾಟ್ರಿಕ್ಸ್ ಕಟ್ಟಿಕೊಂಡಿದೆ, ಇಲ್ಲಾ ಒಳಗೆ ಗಾಳಿ ನಿಂತಿದೆ. ಎರಡೂ ತಣ್ಣಗಿದ್ದರೆ ವಾಲ್ವ್ ತೆರೆದುಕೊಳ್ಳುತ್ತಿಲ್ಲ. ಆದರೆ ಮ್ಯಾಟ್ರಿಕ್ಸ್ ಪೂರ್ತಿ ಬಂದ್ ಆಗಿದ್ದರೂ ಹೋಗುವ ಹೋಸ್ ವಾಲ್ವ್ ಪಕ್ಕದಲ್ಲಿ ಮಾತ್ರ ಬೆಚ್ಚಗಿರುತ್ತೆ, ಮುಂದಕ್ಕೆ ತಣ್ಣಗೇ. ಹಾಗಾಗಿ ಹೋಸ್ ಉದ್ದಕ್ಕೂ ಕೈ ಆಡಿಸಿ. ಇಷ್ಟೂ ನೋಡದೆ ಪಾರ್ಟ್ಸ್ ಆರ್ಡರ್ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಬೇಜಾರು ಮಾಡ್ಕೋಬೇಡಿ.

ವಾಲ್ವ್ ಇರುವುದು ಸೀಟಿನಲ್ಲಿ ಕೂತು ನೋಡಿದರೆ ಹೆಡ್‌ನ (ಎಂಜಿನ್‌ನ ಮೇಲ್ಭಾಗದ) ಬಲಗಡೆ, ಹಿಂದೆ. ಯಾರಿಗಾದರೂ ನಾಬ್ ತಿರುಗಿಸಲು ಹೇಳಿ, ನೀವು ವಾಲ್ವ್‌ನ ಲಿವರ್ ನೋಡಿ. ಎಷ್ಟೋ ಗಾಡಿಗಳಲ್ಲಿ ಕೇಬಲ್ ಕ್ಲಾಂಪ್ ಜಾರಿ, ಲಿವರ್ ಅರ್ಧವೇ ತಿರುಗುತ್ತೆ. ಅಲ್ಲಿ ತೊಟ್ಟಿಕ್ಕಿದರೆ ಮಾಡಬೇಕಾದದ್ದು ವಾಲ್ವ್ ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕುವುದು, ಅಷ್ಟೆ. ಅದಕ್ಕೆ ಸ್ಟಾಪ್‌ಲೀಕ್ ಯಾಕೆ ಸರ್? ಆ ಪುಡಿಗೆ ಯಾವುದು ತೂತು, ಯಾವುದು ಮ್ಯಾಟ್ರಿಕ್ಸ್‌ನ ಸಣ್ಣ ನಾಳ ಅಂತ ಗೊತ್ತಾಗಲ್ಲ. ಮೊದಲೇ ತುಕ್ಕು ಕೂತಿರುವ ನಾಳದಲ್ಲಿ ಅದೂ ಹೋಗಿ ಕೂರುತ್ತೆ. ಯಾವ ಕಂಪನಿಯದು ಅನ್ನುವ ಪ್ರಶ್ನೆಯೇ ಇಲ್ಲ, ನನ್ನ ಗ್ಯಾರೇಜ್ ಒಳಗೆ ಯಾವುದಕ್ಕೂ ಜಾಗ ಇಲ್ಲ.

ಈಗ ಕೆಲಸದ ಮಾತು, ಬ್ಯಾಕ್‌ಫ್ಲಶ್, ಅಂದರೆ ಉಲ್ಟಾ ದಿಕ್ಕಿನಿಂದ ನೀರು ಬಿಟ್ಟು ತೊಳೆಯುವುದು. ಮ್ಯಾಟ್ರಿಕ್ಸ್ ಹೊರಗೆ ತೆಗೆಯಬೇಕಾಗಿಲ್ಲ. ಎಂಜಿನ್ ತಣ್ಣಗಾದ ಮೇಲೆ ಎರಡೂ ಹೋಸ್ ಬಿಚ್ಚಿ. ಹಳೆ ಹೋಸ್ ಅಂಟಿಕೊಂಡಿದ್ದರೆ ಎಳೆದಾಡಬೇಡಿ, ಬ್ಲೇಡ್‌ನಿಂದ ಉದ್ದಕ್ಕೆ ಸೀಳಿ. ಹೋಸ್ ಅಗ್ಗ, ಮ್ಯಾಟ್ರಿಕ್ಸ್ ಪೈಪಿನ ಬೆಸುಗೆ ಬಿಟ್ಟರೆ ಅಗ್ಗ ಅಲ್ಲ. ನೀರು ವಾಪಸ್ ಬರುವ ಪೈಪಿಗೆ ತೋಟದ ಪೈಪ್ ಸಿಕ್ಕಿಸಿ, ಇನ್ನೊಂದಕ್ಕೆ ಒಂದು ತುಂಡು ಪಾರದರ್ಶಕ ಟ್ಯೂಬ್ ಹಾಕಿ ಬಿಳಿ ಬಕೆಟ್‌ಗೆ ಬಿಡಿ. ನಲ್ಲಿ ಮೆಲ್ಲಗೆ ತಿರುಗಿಸಿ. ಪೂರ್ತಿ ಬಿಟ್ಟರೆ ಹಳೆ ಬೆಸುಗೆ ತಡೆಯಲ್ಲ. ಮೊದಲು ಟ್ಯೂಬ್‌ನಲ್ಲಿ ಸಣ್ಣ ಎಳೆಯಷ್ಟೇ ನೀರು ಬರುತ್ತೆ. ಆಮೇಲೆ ಒಮ್ಮೆ ಕೆಮ್ಮಿದಂತೆ ಕಂದು ನೀರು ಉಗುಳುತ್ತೆ, ಬಕೆಟ್ ತಳದಲ್ಲಿ ಕಾಫಿ ಚರಟದಂಥ ಕರಿ ಪುಡಿ ನಿಲ್ಲುತ್ತೆ. ಆಗ ದಿಕ್ಕು ಬದಲಿಸಿ. ಮತ್ತೆ ಬದಲಿಸಿ. ಬದಲಿಸಿದಾಗಲೆಲ್ಲ ಹೊಸ ಕೊಳೆ ಬರುತ್ತೆ. ಒಂದೇ ಕಡೆಯಿಂದ ನೀರು ಬಿಟ್ಟು, ತಿಳಿಯಾಯ್ತು ಅಂತ ಮುಗಿಸುವವರೇ ಜಾಸ್ತಿ.

ಆದ ಮೇಲೂ ಹರಿವು ಸಾಲದಿದ್ದರೆ ಸಿಟ್ರಿಕ್ ಆಮ್ಲ, ಅದೇ ನಿಂಬೆ ಉಪ್ಪು, ಬಿಸಿ ನೀರಿನಲ್ಲಿ ಕರಗಿಸಿ ಫನಲ್‌ನಿಂದ ಮ್ಯಾಟ್ರಿಕ್ಸ್ ತುಂಬಿಸಿ. ಅರ್ಧ ಗಂಟೆ ಸಾಕು, ರಾತ್ರಿಯೆಲ್ಲ ಬಿಡಬೇಡಿ. ಮತ್ತೆ ಎರಡೂ ಕಡೆಯಿಂದ ನೀರು. ಡ್ರೈನ್ ಕ್ಲೀನರ್ ಹಾಕಿ ಅನ್ನುವ ವಿಡಿಯೋಗಳಿವೆ, ಅವನ್ನು ನಂಬಬೇಡಿ. ಇನ್ನೊಂದು ಮಾತು: ತೊಳೆದ ಮೇಲೆ ಮ್ಯಾಟ್ರಿಕ್ಸ್ ಸೋರಲು ಶುರುವಾದರೆ ಬ್ಯಾಕ್‌ಫ್ಲಶ್‌ನ ತಪ್ಪಲ್ಲ, ಕೊಳೆಯೇ ತೂತು ಮುಚ್ಚಿಕೊಂಡಿತ್ತು ಅಂತ ಅರ್ಥ. ಹಾಗಾದರೆ ವಾಲ್ವ್‌ನಿಂದ ವಾಪಸ್ ಪೈಪಿಗೆ ನೇರ ಒಂದು ಹೋಸ್ ಹಾಕಿ ಓಡಿಸಿ, ಗಾಡಿ ನಿಲ್ಲಬೇಕಾಗಿಲ್ಲ.

ವಾಲ್ವ್ ಬಿಚ್ಚಿದಾಗ ಹೆಡ್‌ನ ತೂತಿಗೂ ತಂತಿ ಹಾಕಿ ಕೆದಕಿ, ಅಲ್ಲೂ ತುಕ್ಕು ತುಂಬಿರುತ್ತೆ. ಬ್ಲಾಕ್‌ನ (ಎಂಜಿನ್‌ನ ಮುಖ್ಯ ಭಾಗದ) ನೀರು ಇಳಿಸುವ ಡ್ರೈನ್ ಮರೆಯಬೇಡಿ, ಅದೂ ಬಲಗಡೆ ಹಿಂದೆ ಇದೆ. ತೆಗೆದರೂ ನೀರು ಬರದಿದ್ದರೆ ಖಾಲಿ ಅಂತಲ್ಲ, ಹಿಂದಿನ ಸಿಲಿಂಡರ್ ಸುತ್ತ ಕೆಸರು ಗಟ್ಟಿಯಾಗಿದೆ ಅಂತ. ತಂತಿಯಿಂದ ಚುಚ್ಚಿ ಸಡಿಲ ಮಾಡಿ. ಬ್ಲಾಕ್ ತೊಳೆಯದೆ ಮ್ಯಾಟ್ರಿಕ್ಸ್ ಮಾತ್ರ ತೊಳೆದರೆ ಬರುವ ಚಳಿಗಾಲಕ್ಕೆ ಮತ್ತೆ ಇದೇ ಪೋಸ್ಟ್ ಹಾಕ್ತೀರಿ. ಊರಲ್ಲಿ ಹಳೆ ಅಂಬಾಸಿಡರ್ ಇಟ್ಟುಕೊಂಡವರಿಗೂ ಇದೇ ಮಾತು. ಅದರ 1489 ಸಿಸಿ ಎಂಜಿನ್, ಎಂಜಿಬಿಯ 1798 ಸಿಸಿ, ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ (ಬಿಎಂಸಿ) ಬಿ ಸೀರೀಸ್ ಎಂಜಿನ್ ಮನೆತನದವೇ.

ಥರ್ಮೋಸ್ಟಾಟ್ ವಿಷಯ ಬಂತಲ್ಲ. ನಮ್ಮ ಕಡೆ ಅಂಬಾಸಿಡರ್ ಬಿಸಿಯಾದರೆ ಮೆಕ್ಯಾನಿಕ್ ಮೊದಲು ಅದನ್ನೇ ಕಿತ್ತು ಬಿಸಾಡುತ್ತಿದ್ದ. ಬೇಸಿಗೆಯಲ್ಲಿ ನಡೆದುಹೋಗುತ್ತಿತ್ತು. ಇಂಗ್ಲೆಂಡಿನ ಜನವರಿಯಲ್ಲಿ ಅದಿಲ್ಲದೆ ಎಂಜಿನ್ನೇ ಬೆಚ್ಚಗಾಗಲ್ಲ, ಹೀಟರ್ ಎಲ್ಲಿಂದ ಬೆಚ್ಚಗಾಗಬೇಕು? ನೀವು 74 ಡಿಗ್ರಿಗೆ ತೆರೆಯುವುದು ಹಾಕಿದ್ದೀರಿ ಅನ್ನಿಸುತ್ತೆ. 82 ಹಾಕಿ, ಚಳಿಗಾಲಕ್ಕೆ 88 ಇನ್ನೂ ಒಳ್ಳೆಯದು. ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ಕಾಯಿಸಿ, ಎಷ್ಟು ಡಿಗ್ರಿಗೆ ತೆರೆಯುತ್ತೆ ಅಂತ ಅಡುಗೆ ಥರ್ಮಾಮೀಟರ್ ಇಟ್ಟು ನೋಡಿ. ಹೊಸದು ಅಂದಮಾತ್ರಕ್ಕೆ ಸರಿ ಇರುತ್ತೆ ಅಂತೇನಿಲ್ಲ.

ನೀರು ತುಂಬುವಾಗ ಗಾಡಿಯ ಮೂತಿ ಎತ್ತರಕ್ಕೆ ಇರಲಿ, ಹೀಟರ್ ವಾಲ್ವ್ ತೆರೆದಿರಲಿ. ಹೀಟರ್‌ನ ಒಂದು ಹೋಸ್ ಬಿಚ್ಚಿ ಅಲ್ಲಿಂದಲೂ ತುಂಬಿಸಿ. ಆಮೇಲೆ ಎಂಜಿನ್ ಓಡಿಸಿ, ತಣ್ಣಗಾದ ಮೇಲೆ ಮಟ್ಟ ನೋಡಿ ಮತ್ತೆ ತುಂಬಿಸಿ. ಬಿಸಿ ಇದ್ದಾಗ ಕ್ಯಾಪ್ ಮುಟ್ಟಬೇಡಿ. ಕೂಲೆಂಟ್ ಹಳೆ ಕಾಲದ ಎಥಿಲೀನ್ ಗ್ಲೈಕಾಲ್ ನೀಲಿಯದೇ ಇರಲಿ. ಬಣ್ಣ ನೋಡಿ ಮಾತ್ರ ಕೊಳ್ಳಬೇಡಿ, ಡಬ್ಬಿ ಮೇಲೆ ಓದಿ. ಹೋಸ್ ಬಿಗಿಯಲು ಕ್ಲಿಪ್ ಹಾಕೋದಾದರೆ ಜೂಬಿಲಿ ಕಂಪನಿಯದೇ ಹಾಕಿ, ಪಟ್ಟಿಯಲ್ಲಿ ತೂತು ಕೊರೆದ ಅಗ್ಗದವು ಹೋಸನ್ನೇ ಕತ್ತರಿಸುತ್ತವೆ. ಬಕೆಟ್‌ನ ಹಳೆ ಕೂಲೆಂಟ್ ಅಂಗಳದಲ್ಲಿ ಬಿಡಬೇಡಿ. ಸಿಹಿ ಇರುತ್ತೆ ಅಂತ ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ.

ಎರಡೂ ಹೋಸ್ ಬಿಸಿಯಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ಮ್ಯಾಟ್ರಿಕ್ಸ್ ಸುತ್ತಲಿನ ಸ್ಪಂಜ್ ಪಟ್ಟಿ ಪುಡಿಯಾಗಿದೆ, ಗಾಳಿ ಪಕ್ಕದಿಂದ ನುಸುಳುತ್ತಿದೆ. ಆಗ ಬೇರೆ ದಾರಿ ಇಲ್ಲ, ಸ್ಮಿತ್ಸ್ ಹೀಟರ್ ಬಾಕ್ಸ್ ಹೊರಗೆ ತೆಗೆಯಲೇಬೇಕು. ಮೊದಲು ಹೀಟರ್ ನೇತುಹಾಕಿ ಅದರ ಸುತ್ತ ಕಾರು ಕಟ್ಟಿದ್ದಾರೆ ಅನ್ನಿಸುವಂಥ ಕೆಲಸ ಅದು. ಮನೆಯವರ ಮುಂದೆ ಮಾಡಬೇಡಿ, ಬಾಯಲ್ಲಿ ಏನೇನೋ ಬರುತ್ತೆ. ತೆಗೆದ ಮೇಲೆ ಸ್ಪಂಜ್, ಫ್ಯಾನ್ ಮೋಟಾರ್, ಮ್ಯಾಟ್ರಿಕ್ಸ್ ಎಲ್ಲಾ ಒಟ್ಟಿಗೆ ಮಾಡಿಸಿಬಿಡಿ. ಹೊರಗಿನ ಗಾಳಿ ಒಳಬರುವ ಗೂಡಿನಿಂದ ನೀರು ಹೋಗುವ ರಬ್ಬರ್ ಕೊಳವೆಯಲ್ಲಿ ಎಲೆ ಸಿಕ್ಕಿದೆಯಾ ನೋಡಿ, ಕಟ್ಟಿದ್ದರೆ ಮಳೆನೀರು ಕಾಲಬುಡಕ್ಕೆ ಇಳಿಯುತ್ತೆ.

ಬೆಂಗಳೂರಿನ ಎಂಜಿಬಿ, ಮಿನಿ ಮಾಲೀಕರಿಗೆ: ನಿಮಗೆ ಹೀಟರ್ ಬೇಡ, ಗೊತ್ತು. ಆದರೂ ತಿಂಗಳಿಗೊಮ್ಮೆ ವಾಲ್ವ್ ತೆರೆದು ಮುಚ್ಚಿ, ಇಲ್ಲಾಂದ್ರೆ ಹಿಡಿದುಕೊಳ್ಳುತ್ತೆ. ಚಾರ್ಮಾಡಿ ಘಾಟ್ ಹತ್ತುವಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಿದರೆ ಹೀಟರ್ ಪೂರ್ತಿ ತೆರೆದು ಫ್ಯಾನ್ ಹಾಕಿ. ಬೆವರುತ್ತೀರಿ, ಆದರೆ ಎಂಜಿನ್ ಬಿಸಿ ಇಳಿಯುತ್ತೆ.

ಸರ್, ನಾಳೆ ಹೋಸ್ ಮುಟ್ಟಿ ಯಾವುದು ಬಿಸಿ, ಯಾವುದು ತಣ್ಣಗೆ ಅಂತ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಮ್ಯಾಟ್ರಿಕ್ಸ್ ಆರ್ಡರ್ ಬೇಡ.