ಹಳೆಯ ಜಪಾನಿ ಟರ್ಬೊ ಕಾರು: ಟರ್ಬೊ ಬಿಚ್ಚುವ ಮೊದಲು ಹೋಸ್ ನೋಡಿ

ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ಹಳೆಯ ಜಪಾನಿ ಟರ್ಬೊ ಕಾರುಗಳ ಬಗ್ಗೆ. ಟರ್ಬೊ ಅಂದರೆ ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಬರೆದವರಲ್ಲಿ ಹೆಚ್ಚಿನವರು ಹೊರದೇಶದಲ್ಲಿರುವ ಕನ್ನಡಿಗರು. ಕಾರಿಗೆ ಇಪ್ಪತ್ತು ವರ್ಷ ಆಗಿದೆ ಅಥವಾ ಆಗುತ್ತಾ ಬಂದಿದೆ. ಇಂಥ ಕಾರುಗಳಲ್ಲಿ ಕಬ್ಬಿಣಕ್ಕಿಂತ ಮೊದಲು ಸೋಲುವುದು ರಬ್ಬರ್ ಮತ್ತು ಪ್ಲಾಸ್ಟಿಕ್. ಅದನ್ನು ನೋಡದೆ ದೊಡ್ಡ ಪಾರ್ಟ್ಸ್ ಬದಲಿಸಿ ದುಡ್ಡು ಕಳೆದುಕೊಳ್ಳುವವರೇ ಜಾಸ್ತಿ.

ಪ್ರಶ್ನೆ: ನನ್ನದು 2002ರ ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್. ನಿಧಾನವಾಗಿ ಓಡಿಸಿದರೆ ಏನೂ ತೊಂದರೆ ಇಲ್ಲ. ಫ್ರೀವೇಗೆ ಸೇರುವಾಗ ಆಕ್ಸಿಲರೇಟರ್ ಪೂರ್ತಿ ತುಳಿದರೆ 4000 ಆರ್‌ಪಿಎಂ ಹತ್ತಿರ ತಡವರಿಸುತ್ತದೆ, ಹಿಂದಿನಿಂದ ಕಪ್ಪು ಹೊಗೆ ಬರುತ್ತದೆ. ನಿಂತಾಗ ಐಡಲ್ ಏರಿಳಿಯುತ್ತದೆ. ಏರ್‌ಫ್ಲೋ ಸೆನ್ಸರ್ ಬದಲಿಸಿ ಆಯಿತು, ಸರಿಹೋಗಲಿಲ್ಲ. ಈಗ ಟರ್ಬೊ ಹೋಗಿದೆ ಅನ್ನುತ್ತಿದ್ದಾರೆ. ಬದಲಿಸಲೇ? — ಮೆಲ್ಬರ್ನ್‌ನ ಓದುಗರು

ಈಗಲೇ ಬೇಡ. ನೀವು ಹೇಳಿದ ಮೂರು ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಮೊದಲು ಅನುಮಾನ ಬರುವುದು ಗಾಳಿ ಸೋರಿಕೆಯ ಮೇಲೆ.

ಈ ಕಾರಿನಲ್ಲಿ ಏರ್‌ಫ್ಲೋ ಸೆನ್ಸರ್ ಇರುವುದು ಏರ್ ಫಿಲ್ಟರ್ ಪಕ್ಕದಲ್ಲಿ, ಟರ್ಬೊಗಿಂತ ಮುಂಚೆ. ಒಳಗೆ ಹೋದ ಗಾಳಿಯನ್ನು ಅದು ಅಳೆಯುತ್ತದೆ. ಆ ಲೆಕ್ಕ ನಂಬಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಸುರಿಯುತ್ತದೆ. ಟರ್ಬೊ ದಾಟಿದ ಮೇಲೆ ಎಲ್ಲೋ ಒಂದು ಹೋಸ್ ಸೀಳಿದೆ ಅಂದುಕೊಳ್ಳಿ. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿದಾಗ ಅಳೆದ ಗಾಳಿ ಆ ಸೀಳಿನಿಂದ ಹೊರಗೆ ಹೋಗುತ್ತದೆ. ಪೆಟ್ರೋಲ್ ಮಾತ್ರ ಪೂರ್ತಿ ಬೀಳುತ್ತದೆ. ಅದೇ ಕಪ್ಪು ಹೊಗೆ, ಅದೇ ತಡವರಿಕೆ. ಸೀಳು ಥ್ರಾಟಲ್ (ಆಕ್ಸಿಲರೇಟರ್ ತುಳಿದಾಗ ತೆರೆಯುವ ಗಾಳಿ ಬಾಗಿಲು) ದಾಟಿದ ಜಾಗದಲ್ಲಿದ್ದರೆ ಐಡಲ್‌ನಲ್ಲಿ ಇದರ ಉಲ್ಟಾ ಆಗುತ್ತದೆ. ಅಲ್ಲಿ ಆಗ ವ್ಯಾಕ್ಯೂಮ್ ಇರುತ್ತದೆ, ಲೆಕ್ಕಕ್ಕೆ ಸಿಗದ ಗಾಳಿ ಹೊರಗಿನಿಂದ ಒಳಗೆ ನುಗ್ಗುತ್ತದೆ. ಮಿಶ್ರಣ ತೆಳುವಾಗುತ್ತದೆ, ಐಡಲ್ ಕುಣಿಯುತ್ತದೆ. ಒಂದೇ ಸೀಳು ಎರಡು ಬೇರೆ ಬೇರೆ ರೋಗದಂತೆ ಕಾಣುವುದು ಹೀಗೆ. ಪಾಪ, ಏರ್‌ಫ್ಲೋ ಸೆನ್ಸರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದ್ದಿರಬಹುದು.

ನಿಮ್ಮ ಕಾರಿನಲ್ಲಿ ನೋಡಬೇಕಾದ ಜಾಗಗಳನ್ನು ಹೇಳುತ್ತೇನೆ. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಂಜಿನ್ ಮೇಲೆಯೇ ಕೂತಿದೆ, ಬಾನೆಟ್ ಮೇಲಿನ ಗಾಳಿ ಬಾಯಿಯ ಕೆಳಗೆ. ಟರ್ಬೊದಿಂದ ಅದಕ್ಕೆ ಹೋಗುವ ಪೈಪು, ಅದರಿಂದ ಥ್ರಾಟಲ್‌ಗೆ ಬರುವ ರಬ್ಬರ್ ಜೋಡಣೆ, ಎರಡರ ಕ್ಲಾಂಪ್‌ಗಳನ್ನೂ ನೋಡಿ. ಪಕ್ಕದಲ್ಲಿರುವ ಬೈಪಾಸ್ ವಾಲ್ವ್‌ನ (ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದ ಗಾಳಿಯನ್ನು ಇನ್‌ಟೇಕ್‌ಗೇ ವಾಪಸ್ ಕಳಿಸುವ ವಾಲ್ವ್) ಒಳಪೊರೆ ಹರಿದಿದೆಯಾ, ಗ್ಯಾಸ್ಕೆಟ್ ಕೂತಿದೆಯಾ ನೋಡಿ. ಹಿಂದಿನ ಮಾಲೀಕರು ಸದ್ದಿಗೋಸ್ಕರ ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಹಾಕಿದ್ದರೆ ತೆಗೆದು ಕಂಪನಿಯ ವಾಲ್ವ್ ಹಾಕಿ. ಸೆನ್ಸರ್ ಅಳೆದ ಗಾಳಿಯನ್ನು ಆಚೆ ಬಿಟ್ಟರೆ ಪ್ರತಿ ಗೇರ್ ಬದಲಾವಣೆಯಲ್ಲೂ ಪೆಟ್ರೋಲ್ ಜಾಸ್ತಿಯಾಗುತ್ತದೆ. ಬೂಸ್ಟ್ ಸೊಲೆನಾಯ್ಡ್‌ಗೆ (ಬೂಸ್ಟನ್ನು ಹತೋಟಿಯಲ್ಲಿಡುವ ವಿದ್ಯುತ್ ವಾಲ್ವ್) ಹೋಗುವ ಸಣ್ಣ ಹೋಸ್ ಒಂದರೊಳಗೆ ಕಿರಿದಾದ ತೂತಿನ ಲೋಹದ ತುಂಡು ಇರುತ್ತದೆ. ಹೋಸ್ ಬದಲಿಸುವಾಗ ಹಳೆಯದರ ಜೊತೆ ಅದನ್ನೂ ಎಸೆದುಬಿಟ್ಟರೆ ಬೂಸ್ಟ್ ಲೆಕ್ಕವೇ ತಪ್ಪುತ್ತದೆ.

ಇನ್ನೊಂದು ಕಳ್ಳ ಜಾಗ ಇದೆ. ಏರ್ ಫಿಲ್ಟರ್ ಕಡೆಯಿಂದ ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಹಾದು ಟರ್ಬೊ ಬಾಯಿಗೆ ಹೋಗುವ ದಪ್ಪ ರಬ್ಬರ್ ಪೈಪು. ಟರ್ಬೊ ಹತ್ತಿರದ ಬಿಸಿಗೆ ಅದು ಗಟ್ಟಿಯಾಗಿ ಬಿರಿಯುತ್ತದೆ. ಯಾರಾದರೂ ಎಳೆದಾಡಿ ಬಿಚ್ಚಿ ಹಾಕಿದ್ದರೆ ಇನ್ನೂ ಬೇಗ. ಮೇಲಿನಿಂದ ಇಣುಕಿದರೆ ಕಾಣುವುದೇ ಇಲ್ಲ. ಈ ಸೋರಿಕೆ ಟರ್ಬೊಗಿಂತ ಮುಂಚೆ ಆಗುವುದರಿಂದ ಅಳೆಯದ ಗಾಳಿ ಯಾವಾಗಲೂ ಒಳಗೇ ಬರುತ್ತದೆ. ಆಗ ಕಪ್ಪು ಹೊಗೆ ಇರುವುದಿಲ್ಲ, ಮಿಶ್ರಣ ತೆಳುವಾಗುತ್ತದೆ. ಎಂಜಿನ್‌ಗೆ ಇದು ಹೆಚ್ಚು ಅಪಾಯ. ತೆಳು ಮಿಶ್ರಣ ಮತ್ತು ಬೂಸ್ಟ್ ಸೇರಿದರೆ ನಾಕಿಂಗ್ (ಪೆಟ್ರೋಲ್ ಹೊತ್ತಿಲ್ಲದೆ ತಾನೇ ಸಿಡಿಯುವುದು) ಶುರುವಾಗಿ ಪಿಸ್ಟನ್ ಒಡೆಯಬಹುದು.

ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರಲಿ. ಏರ್‌ಫ್ಲೋ ಸೆನ್ಸರ್ ನಂತರದ ಪೈಪಿಗೆ ಗಾಳಿ ವಾಲ್ವ್ ಇರುವ ಮುಚ್ಚಳ ಬಿಗಿದು, ಕಂಪ್ರೆಸರ್‌ನಿಂದ ನಿಧಾನವಾಗಿ ಗಾಳಿ ತುಂಬಿ. 5 ಪಿಎಸ್‌ಐನಿಂದ ಶುರು ಮಾಡಿ. ಕಂಪನಿ ಇಟ್ಟ ಬೂಸ್ಟಿಗಿಂತ ಮೇಲೆ ಹೋಗಬೇಡಿ. ಸೋಪಿನ ನೀರು ಸಿಂಪಡಿಸಿ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೀರಿಗೆ ಅದ್ದಿದಾಗ ಗುಳ್ಳೆ ಬರುವ ಹಾಗೆ ಇಲ್ಲೂ ಬರುತ್ತದೆ. ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ಅಲ್ಲಿಂದ ಗಾಳಿ ಜೋರಾಗಿ ಬರುತ್ತಿದೆಯಾ ನೋಡಿ. ಬಂದರೆ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಹೊಗೆಯನ್ನು ಇನ್‌ಟೇಕ್‌ಗೆ ಬಿಡುವ ವಾಲ್ವ್) ಮೇಲೂ ಕಣ್ಣಿಡಿ. ಮುಖವನ್ನು ಪೈಪುಗಳ ಹತ್ತಿರ ತರಬೇಡಿ, ಹಳೆಯ ಹೋಸ್ ಹಾರಿ ಬರಬಹುದು.

ಸೋರಿಕೆ ಇಲ್ಲವೆಂದು ಖಚಿತವಾದರೆ ಆಮೇಲೆ ಸ್ಪಾರ್ಕ್. ಬೂಸ್ಟ್ ಏರಿದಷ್ಟೂ ಒಳಗಿನ ಒತ್ತಡ ಹೆಚ್ಚಿ ಕಿಡಿ ಹಾರುವುದು ಕಷ್ಟ. ಅದಕ್ಕೇ ಹಳೆಯ ಪ್ಲಗ್, ಕೂದಲೆಳೆ ಬಿರುಕು ಬಿಟ್ಟ ಕಾಯಿಲ್ ಊರೊಳಗೆ ಚೆನ್ನಾಗಿಯೇ ಓಡಿ, ಪೂರ್ತಿ ತುಳಿದಾಗ ಮಿಸ್ಸಿಂಗ್ ಹೊಡೆಯುತ್ತವೆ. ಇದಾದ ಮೇಲೆ ಪೆಟ್ರೋಲ್ ಫಿಲ್ಟರ್, ಪೆಟ್ರೋಲ್ ಒತ್ತಡ, ಕಂಪ್ರೆಷನ್ ಪರೀಕ್ಷೆ.

ಟರ್ಬೊ ಕೊನೆಗೆ. ಎಂಜಿನ್ ಆರಿದ ಮೇಲೆ ಇನ್‌ಟೇಕ್ ಪೈಪ್ ತೆಗೆದು ಟರ್ಬೊ ಚಕ್ರದ ಕಂಬಿಯನ್ನು ಬೆರಳಲ್ಲಿ ಅಲುಗಿಸಿ. ಪಕ್ಕಕ್ಕೆ ಸ್ವಲ್ಪ ಆಟ ಇರುವುದು ಸಹಜ, ಆಯಿಲ್ ಒತ್ತಡ ಬಂದಾಗ ಅದು ಹೋಗುತ್ತದೆ. ಒಳಗೆ-ಹೊರಗೆ ಆಟ ಸಿಕ್ಕರೆ ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಕಂಡರೆ ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಅಂಥ ಸಂದರ್ಭದಲ್ಲೂ ಬರೀ ಟರ್ಬೊ ಹಾಕಿ ಮುಗಿಸಬೇಡಿ. ಆಯಿಲ್ ಬರುವ ದಾರಿ ಕಟ್ಟಿಕೊಂಡಿದ್ದರೆ ಹೊಸ ಟರ್ಬೊ ಕೂಡ ಹಾಗೇ ಸಾಯುತ್ತದೆ. ಕೆಲವು ದೇಶಗಳಿಗೆ ಬಂದ ಈ ಕಾರುಗಳಲ್ಲಿ ಟರ್ಬೊಗಿಂತ ಮೊದಲಿನ ಎಕ್ಸಾಸ್ಟ್ ಪೈಪಿನಲ್ಲಿ ಹೊಗೆಯನ್ನು ಶುದ್ಧ ಮಾಡುವ ಒಂದು ಸಣ್ಣ ಕೆಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದು ಒಡೆದರೆ ಚೂರುಗಳು ನೇರ ಟರ್ಬೊ ರೆಕ್ಕೆಗೆ ಬಡಿಯುತ್ತವೆ. ಅದನ್ನೂ ತೆಗೆಸಿ ನೋಡಿ.

ಪ್ರಶ್ನೆ: 1991ರ ನಿಸಾನ್ ಸ್ಕೈಲೈನ್ ಜಿಟಿ-ಆರ್ ಕೊಂಡಿದ್ದೇನೆ. ಎಂಜಿನ್ ಬಿಚ್ಚಿಲ್ಲ, ಎಲ್ಲ ಕಂಪನಿಯದ್ದೇ. ಹೋಸ್‌ನೊಳಗಿನ ತಡೆ ತೆಗೆದು, ಬೂಸ್ಟ್ ಕಂಟ್ರೋಲರ್ ಹಾಕಿ 1.2 ಬಾರ್ ಇಟ್ಟರೆ ಕಾರು ಹಾರುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇಡಬಹುದೇ? — ಲಂಡನ್‌ನ ಓದುಗರು

ಖಂಡಿತ ಇಡಬೇಡಿ. ನಿಮ್ಮ ಕಾರಿನ ಆರ್‌ಬಿ26 ಎಂಜಿನ್ ಗಟ್ಟಿ ಎಂಬ ಹೆಸರು ನಿಜವೇ. ಆದರೆ ಅದಕ್ಕೆ ಕಂಪನಿ ಹಾಕಿದ ಎರಡು ಟರ್ಬೊಗಳ ಎಕ್ಸಾಸ್ಟ್ ಚಕ್ರ ಸೆರಾಮಿಕ್‌ನದ್ದು. ಹಗುರ, ಹಾಗಾಗಿ ಬೇಗ ತಿರುಗುತ್ತದೆ. ಕಂಪನಿ ಇಟ್ಟ ಸುಮಾರು 0.7 ಬಾರ್‌ಗೆ ಅದು ಚೆನ್ನಾಗಿಯೇ ತಡೆಯುತ್ತದೆ. 1 ಬಾರ್ ದಾಟಿ ಬಿಸಿ ಮತ್ತು ವೇಗ ಏರಿದಾಗ ಅದು ಒಡೆದ ಉದಾಹರಣೆಗಳು ಬೇಕಾದಷ್ಟಿವೆ. ಒಡೆದರೆ ಹೆಚ್ಚಿನ ಚೂರು ಸೈಲೆನ್ಸರ್ ಕಡೆ ಹೋಗುತ್ತದೆ. ಸೆರಾಮಿಕ್ ಪುಡಿ ಎಕ್ಸಾಸ್ಟ್‌ನಿಂದ ಹಿಂದಕ್ಕೆ ಸಿಲಿಂಡರ್‌ಗೆ ಎಳೆದುಕೊಂಡರೆ ಎಂಜಿನ್ ಕೂಡ ಹೋಯಿತು. ಮೂವತ್ತು ವರ್ಷ ದಾಟಿದ ಸೆರಾಮಿಕ್ ಮೇಲೆ ಪಂಥ ಕಟ್ಟುವುದು ಬೇಡ. ಹೆಚ್ಚು ಶಕ್ತಿ ಬೇಕೇಬೇಕು ಅಂದರೆ ಮೊದಲು ಲೋಹದ ಚಕ್ರದ ಟರ್ಬೊ, ಹೊಸ ಪೆಟ್ರೋಲ್ ಪಂಪ್, ಆಮೇಲೆ ಸರಿಯಾದ ಟ್ಯೂನಿಂಗ್. ಬೂಸ್ಟ್ ಕಂಟ್ರೋಲರ್ ಕಟ್ಟಕಡೆಗೆ.

ನಿಮ್ಮ ಕಾರಿನ ವರ್ಷ ನೋಡಿದರೆ ನನಗೆ ಬೂಸ್ಟಿಗಿಂತ ದೊಡ್ಡ ಚಿಂತೆ ಆಯಿಲ್ ಪಂಪ್. ನಿಮ್ಮದು ಆರ್32 ಮಾದರಿ. ಮೊದಮೊದಲ ಆರ್32 ಕಾರುಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಆಯಿಲ್ ಪಂಪನ್ನು ಹಿಡಿದು ತಿರುಗಿಸುವ ಜಾಗ ಕಿರಿದು. ಪದೇ ಪದೇ ರೆವ್ ಲಿಮಿಟರ್‌ಗೆ (ಎಂಜಿನ್‌ಗೆ ಇಟ್ಟ ಗರಿಷ್ಠ ಆರ್‌ಪಿಎಂ ಮಿತಿ) ಬಡಿದರೆ ಪಂಪಿನ ಗೇರ್ ಬಿರಿಯಬಹುದು. ನಂತರದ ಎಂಜಿನ್‌ಗಳಲ್ಲಿ ನಿಸಾನ್ ಆ ಜಾಗವನ್ನು ಅಗಲ ಮಾಡಿತು. ಮುಂದೆ ಟೈಮಿಂಗ್ ಬೆಲ್ಟ್ ಕೆಲಸಕ್ಕೆ ಬಿಚ್ಚಿದಾಗ ಇದರ ಬಗ್ಗೆ ನಿಮ್ಮ ಮೆಕ್ಯಾನಿಕ್ ಜೊತೆ ಮಾತಾಡಿ. ಅಲ್ಲಿಯವರೆಗೆ ಲಿಮಿಟರ್ ಮುಟ್ಟಬೇಡಿ. ಟ್ರ್ಯಾಕ್‌ಗೆ ಹೋಗುವ ಆಸೆ ಇದ್ದರೆ ಇದೂ ಗೊತ್ತಿರಲಿ: ತುಂಬಾ ಹೊತ್ತು ಹೆಚ್ಚಿನ ಆರ್‌ಪಿಎಂನಲ್ಲಿ ಈ ಎಂಜಿನ್ ಆಯಿಲನ್ನು ಹೆಡ್‌ಗೆ ತಳ್ಳುತ್ತಲೇ ಇರುತ್ತದೆ, ಅದು ಕೆಳಗೆ ಇಳಿಯುವುದು ನಿಧಾನ. ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ಖಾಲಿಯಾಗಿ ಬೇರಿಂಗ್ ಹೋಗುತ್ತದೆ.

ಬ್ರಿಟನ್‌ಗೆ ಸಂಬಂಧಿಸಿದ ಎರಡು ಮಾತು. 2021ರಿಂದ ಅಲ್ಲಿನ ಮಾಮೂಲಿ 95 ಆಕ್ಟೇನ್ ಪೆಟ್ರೋಲ್ ಇ10 (ಶೇ. 10ರವರೆಗೆ ಎಥನಾಲ್ ಬೆರೆತದ್ದು) ಆಗಿದೆ. ಹಳೆಯ ರಬ್ಬರ್ ಹೋಸ್‌ಗಳಿಗೆ ಆ ಪ್ರಮಾಣದ ಎಥನಾಲ್ ಒಳ್ಳೆಯದಲ್ಲ, ಈ ಎಂಜಿನ್‌ಗೆ 95 ಸಾಲುವುದೂ ಇಲ್ಲ. ಸೂಪರ್ ಅನ್‌ಲೆಡೆಡ್ ಮಾತ್ರ ಹಾಕಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ವಾ, ಅದು ಈ ಕಾರಿಗೆ ವಿಷ. ಮುಂದಿನ ಸಸ್ಪೆನ್ಷನ್ ಟವರ್, ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಕಮಾನು — ಈ ಮೂರು ಕಡೆ ತುಕ್ಕು ನೋಡಿಸಿ, ಅಡಿಗೆ ಕೋಟಿಂಗ್ ಮಾಡಿಸಿ. ಎಂಜಿನ್ ಮತ್ತೆ ಕಟ್ಟಬಹುದು. ಕೊಳೆತ ಬಾಡಿಯನ್ನು ಸರಿಮಾಡುವುದು ಬಹಳ ಕಷ್ಟ.

ಪ್ರಶ್ನೆ: 2006ರ ಮಿತ್ಸುಬಿಷಿ ಇವೊ 9 ಇದೆ, ಓಡಿರುವುದು 60,000 ಕಿಲೋಮೀಟರ್ ಮಾತ್ರ. ಬೇಸಿಗೆಯಲ್ಲಿ ಪಿಕಪ್ ತುಂಬಾ ಕಡಿಮೆ. ಟೈಮಿಂಗ್ ಬೆಲ್ಟ್ ಬದಲಿಸಲು ಇನ್ನೂ ಸಮಯ ಇದೆ ಅಲ್ವಾ? ಕಾರು ನಿಲ್ಲಿಸಿದ ಮೇಲೆ ಟರ್ಬೊ ಆರಲು ಎಂಜಿನ್ ಓಡಿಸುತ್ತಲೇ ಇರಬೇಕಾ? — ದುಬೈ ಓದುಗರು

ಬೆಲ್ಟ್‌ಗೆ ಸಮಯ ಇಲ್ಲ. ಹಿಂದೆ ಬದಲಿಸಿದ ಬಿಲ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಇದೇ ವಾರ ಗ್ಯಾರೇಜಿಗೆ ಬಿಡಿ. ಬೆಲ್ಟ್‌ಗೆ ಕಿಲೋಮೀಟರ್ ಜೊತೆ ವಯಸ್ಸೂ ಲೆಕ್ಕ, ನಿಮ್ಮೂರಿನ ಬಿಸಿಯೂ ಲೆಕ್ಕ. ನಿಮ್ಮ ಕಾರಿನ 4ಜಿ63 ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಅದರ ಹಿಂದೆ, ಎಂಜಿನ್ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ನ ಇನ್ನೊಂದು ಚಿಕ್ಕ ಬೆಲ್ಟ್ ಇದೆ. ಬಹಳ ಜನ ದುಡ್ಡು ಉಳಿಸಲು ಅದನ್ನು ಬಿಡುತ್ತಾರೆ. ಅದು ತುಂಡಾಗಿ ದೊಡ್ಡ ಬೆಲ್ಟಿಗೆ ಸಿಕ್ಕಿಕೊಂಡರೆ ಫಲ ಒಂದೇ. ಎರಡೂ ಬೆಲ್ಟ್, ಟೆನ್ಷನರ್, ರೋಲರ್‌ಗಳು, ವಾಟರ್ ಪಂಪ್ ಒಟ್ಟಿಗೆ ಬದಲಿಸಿ.

ಪಿಕಪ್ ಕಡಿಮೆ ಎನ್ನುವುದು ಪೂರ್ತಿ ದೋಷ ಅಲ್ಲ. ಬಿಸಿ ಗಾಳಿ ತೆಳು. ನಾಕಿಂಗ್ ಕೇಳಿಸಿದರೆ ಎಂಜಿನ್ ಕಾಯಲು ಇಸಿಯು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ತಳ್ಳುತ್ತದೆ, ಅಂದರೆ ಕಿಡಿ ತಡವಾಗಿ ಹಾರಿ ಶಕ್ತಿ ಇಳಿಯುತ್ತದೆ. ಸೂಪರ್ 98 ಹಾಕಿ. ಇಂಟರ್‌ಕೂಲರ್ ರೇಡಿಯೇಟರ್ ಮುಂದೆ ಇರುವುದರಿಂದ ಎರಡರ ನಡುವೆ ಸೇರಿಕೊಂಡ ಮರಳು, ಧೂಳು ತೆಗೆಸಿ. ಫ್ಯಾನ್‌ಗಳು ಎರಡೂ ತಿರುಗುತ್ತಿವೆಯಾ, ರೇಡಿಯೇಟರ್ ಮುಚ್ಚಳದ ರಬ್ಬರ್ ಸರಿ ಇದೆಯಾ ನೋಡಿ. ರೇಡಿಯೇಟರ್‌ನ ಪ್ಲಾಸ್ಟಿಕ್ ಭಾಗ ಕಂದು ಬಣ್ಣಕ್ಕೆ ತಿರುಗಿದ್ದರೆ ಸುಮ್ನೆ ಕಾಯಬೇಡಿ, ಬದಲಿಸಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಕಡಿಮೆ ಓಡಿದ ಕಾರುಗಳಲ್ಲಿ ಟೈರ್ ಹೂವು ಹೊಸದರಂತೆ ಇದ್ದರೂ ರಬ್ಬರ್ ಸತ್ತಿರುತ್ತದೆ. ಇಷ್ಟು ವೇಗದ ಕಾರಿಗೆ ಅದು ಜೀವದ ಪ್ರಶ್ನೆ.

ಟರ್ಬೊ ವಿಷಯಕ್ಕೆ ಬಂದರೆ, ನಿಮ್ಮ ಟರ್ಬೊಗೆ ಆಯಿಲ್ ಜೊತೆ ನೀರಿನ ತಂಪೂ ಇದೆ. ಕೊನೆಯ ಎರಡು ಮೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ ಬಂದರೆ ಮನೆ ಮುಂದೆ ಕಾಯುವ ಅಗತ್ಯ ಇಲ್ಲ. ಜೋರಾಗಿ ಓಡಿಸಿ ತಕ್ಷಣ ಪೆಟ್ರೋಲ್ ಬಂಕಿಗೆ ನುಗ್ಗಿದಿರಿ ಅಂದರೆ ಒಂದೆರಡು ನಿಮಿಷ ಪಕ್ಕಕ್ಕೆ ನಿಲ್ಲಿಸಿ ಐಡಲ್‌ನಲ್ಲಿ ಬಿಟ್ಟು, ಆಮೇಲೆ ಬಂಕಿಗೆ ಹೋಗಿ ಎಂಜಿನ್ ಆರಿಸಿ. ಟರ್ಬೊ ಉಳಿಸುವುದರಲ್ಲಿ ಇದಕ್ಕಿಂತ ದೊಡ್ಡ ಪಾಲು ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವುದರದ್ದು. 5,000 ಕಿಲೋಮೀಟರ್‌ಗೆ ಒಮ್ಮೆ, ಅಷ್ಟು ಓಡದಿದ್ದರೆ ಆರು ತಿಂಗಳಿಗೆ ಒಮ್ಮೆ, ಸಿಂಥೆಟಿಕ್ ಆಯಿಲ್.

ಪ್ರಶ್ನೆ: 25 ವರ್ಷ ದಾಟಿದ ಜಪಾನಿ ಕಾರು ತರಿಸಿಕೊಳ್ಳಬಹುದು ಎಂದು ಕೇಳಿದೆ. ಸ್ಕೈಲೈನ್ ಆರ್34 ಬೆಂಗಳೂರಿಗೆ ತರಿಸಬಹುದೇ? — ಬೆಂಗಳೂರಿನ ಓದುಗರು

ನೀವು ಕೇಳಿರುವುದು ಅಮೆರಿಕದ ನಿಯಮ. ಆರ್34 ಜಿಟಿ-ಆರ್ ಮಾರಾಟ ಶುರುವಾದದ್ದು 1999ರಲ್ಲಿ, ಹಾಗಾಗಿ 2024ರಿಂದ ಅಲ್ಲಿ ಅದಕ್ಕೆ ದಾರಿ ತೆರೆಯಿತು. ಭಾರತದ ನಿಯಮ ಬೇರೆ. ಹೊರಗಿನಿಂದ ತರುವ ಸೆಕೆಂಡ್‌ಹ್ಯಾಂಡ್ ಕಾರು ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಸ್ಟೀರಿಂಗ್ ನಮ್ಮ ಹಾಗೆ ಬಲಗಡೆ ಇದ್ದರೂ ಈ ಕಾರಿಗೆ ವಯಸ್ಸೇ ಅಡ್ಡ.

ಇಲ್ಲೇ ಸಿಗುವ ಜಪಾನಿ ಟರ್ಬೊ ಬೇಕು ಅಂದರೆ ಲ್ಯಾನ್ಸರ್ ಇವೊ ಎಕ್ಸ್ ಹುಡುಕಿ. ಅದನ್ನು ಕೆಲಕಾಲ ಭಾರತದಲ್ಲೇ ಅಧಿಕೃತವಾಗಿ ಮಾರಿದ್ದರು. ಅದರ 4ಬಿ11 ಎಂಜಿನ್‌ಗೆ ಬೆಲ್ಟ್ ಬದಲು ಚೈನ್ ಇದೆ. ಎಸ್‌ಎಸ್‌ಟಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಇರುವ ಕಾರಾದರೆ ಅದರ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಬಿಲ್ ಕೇಳಿ. ಇಲ್ಲ ಅಂದರೆ ಬೆಲೆಯಲ್ಲಿ ಅಷ್ಟು ಕಡಿಮೆ ಮಾಡಿಸಿ. ಅಡ್ವಾನ್ಸ್ ಕೊಡುವ ಮೊದಲು ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಆರ್‌ಸಿ ಜೊತೆ ನೀವೇ ಖುದ್ದಾಗಿ ತಾಳೆ ನೋಡಿ.