ಬರುವ ಮುಂಚೆ ಎರಡು ವರ್ಷ ಊರಲ್ಲಿರು

ಶಿವಮೊಗ್ಗದಲ್ಲಿ ಎಂಎ ಮುಗಿಸಿದೆ, ಇಂಗ್ಲೆಂಡಿಗೆ ಬಂದು ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್ (ಬಡ ದೇಶಗಳ ಅಭಿವೃದ್ಧಿಯ ಕುರಿತ ಓದು) ಓದಬೇಕು, ಕೆಲಸ ಸಿಗುತ್ತಾ, ಬದುಕು ಹೇಗೆ ಎಂದು ಕೇಳಿದ್ದೀಯ. ನಾನು ಸಾಗರ ತಾಲೂಕಿನ ಶರಾವತಿ ಹಿನ್ನೀರಿನ ಕಡೆಯವಳು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಅದನ್ನೇ ಓದಿ ಇಲ್ಲೇ ನೆಲೆಸಿದ್ದೇನೆ. ಬಾ ತಂಗಿ. ಆದರೆ ಈ ವರ್ಷ ಬೇಡ.

ಇಲ್ಲಿ ಮಾಸ್ಟರ್ಸ್ ಒಂದೇ ವರ್ಷ. ಮೇಷ್ಟ್ರು ಹೇಳಿದ್ದನ್ನು ಬರೆದುಕೊಳ್ಳುವ ಓದಲ್ಲ. ಮನೆಯಲ್ಲಿ ಓದಿಕೊಂಡು ಬಂದು ಕ್ಲಾಸಿನಲ್ಲಿ ನಾವೇ ಮಾತಾಡಬೇಕು. ನನ್ನ ಪಕ್ಕ ಕೀನ್ಯಾದ ನರ್ಸ್ ಇದ್ದರು, ನೇಪಾಳದ ಅಧಿಕಾರಿ ಇದ್ದರು. ಅವರು ಮಾಡಿದ ಕೆಲಸ ಹೇಳುತ್ತಿದ್ದರು, ನಾನು ಓದಿದ್ದು ಹೇಳುತ್ತಿದ್ದೆ.

ಒಂದು ದಿನ ಅಣೆಕಟ್ಟು ಮತ್ತು ಮುಳುಗಡೆಯ ವಿಷಯ ಬಂತು. ಲಿಂಗನಮಕ್ಕಿ ಹೇಳಿದೆ. 1964ರಲ್ಲಿ ಕಟ್ಟೆ ಮುಗಿಯಿತು, ಅಜ್ಜನ ಅಡಿಕೆ ತೋಟ ನೀರಿಗೆ ಹೋಯಿತು, ತಲೆ ಮೇಲೆ ಕರೆಂಟಿನ ತಂತಿ ಹೋದರೂ ನಮ್ಮ ಮನೆಯಲ್ಲಿ ಚಿಮಣಿ ದೀಪವೇ ಇತ್ತು ಅಂತ. ಮೇಡಂ ಕೇಳಿದ್ದು ಒಂದೇ: "ಪರಿಹಾರದ ಕಾಗದದಲ್ಲಿ ನಿಮ್ಮ ಅಜ್ಜಿಯ ಹೆಸರು ಇತ್ತಾ?" ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಇರಲಿಲ್ಲವಂತೆ.

ಆಮೇಲೆ ಪಿಆರ್‌ಎ (ಪಾರ್ಟಿಸಿಪೇಟರಿ ರೂರಲ್ ಅಪ್ರೈಸಲ್) ಪಾಠ. ಊರಿನವರೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ, ಬಾವಿ ಎಲ್ಲಿ, ಬಡವರ ಮನೆ ಯಾವುದು ಎಂದು ತೋರಿಸುವ ಕ್ರಮ. ಅದನ್ನು ಜಗತ್ತಿಗೆಲ್ಲ ಹರಡಿದ ಸಂಶೋಧಕ ರಾಬರ್ಟ್ ಚೇಂಬರ್ಸ್ ಇದ್ದದ್ದು ಇದೇ ಕ್ಯಾಂಪಸ್ಸಿನ ಅಭಿವೃದ್ಧಿ ಅಧ್ಯಯನ ಸಂಸ್ಥೆ ಐಡಿಎಸ್‌ನಲ್ಲಿ. ಆದರೆ 80ರ ದಶಕದ ಕೊನೆಯಲ್ಲಿ ಅದು ಬೆಳೆದದ್ದರಲ್ಲಿ ನಮ್ಮ ಬೆಂಗಳೂರಿನ ಮೈರಾಡ ಸಂಸ್ಥೆಯ ಹಳ್ಳಿ ಕೆಲಸದ ಪಾಲು ದೊಡ್ಡದು! ಇಷ್ಟು ದೂರ ಬಂದು ಅದನ್ನು ತಿಳಿದುಕೊಂಡೆ.

ಅದಕ್ಕೇ ಹೇಳುವುದು, ಮೊದಲು ಎರಡು ವರ್ಷ ಅಲ್ಲೇ ಕೆಲಸ ಮಾಡು. ಮಹಿಳಾ ಸಂಘ ಇರಲಿ, ಪಂಚಾಯಿತಿ ಇರಲಿ, ಮಂಗನ ಕಾಯಿಲೆ ಕಾಲದಲ್ಲಿ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರ ಜೊತೆಗಿರಲಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೂ ಎರಡು ವರ್ಷದ ಅನುಭವ ಬೇಕೇ ಬೇಕು. ಅದರಲ್ಲಿ ಓದಿದರೆ ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸ್ ಹೋಗಬೇಕು, ನೆನಪಿರಲಿ.

ಸಾಲ ಮಾಡಿ ಬರುವುದಾದರೆ ತುಂಬಾ ಯೋಚಿಸು. ಈ ಓದಿನ ಕೆಲಸಗಳು ಬಹುಪಾಲು ವಿದೇಶಿ ನೆರವಿನ ಹಣದ ಮೇಲೇ ನಿಂತಿವೆ. ಬ್ರಿಟನ್ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ 0.5%ರಿಂದ 2027ಕ್ಕೆ 0.3%ಗೆ ಇಳಿಸುವುದಾಗಿ ಹೇಳಿದೆ. ಅಮೆರಿಕದ ನೆರವಿನ ಸಂಸ್ಥೆ ಯುಎಸ್‌ಏಡ್ 2025ರಲ್ಲೇ ಮುಚ್ಚಿತು. ಅಲ್ಲಿ ಕೆಲಸ ಕಳೆದುಕೊಂಡ ಅನುಭವಿಗಳೂ ಈಗ ಇದೇ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದಾರೆ. ಓದುವಾಗ ವಾರಕ್ಕೆ 20 ಗಂಟೆ ದುಡಿಯಬಹುದು, ಅದರಲ್ಲಿ ಫೀಸ್ ತೀರುವುದಿಲ್ಲ. ತೋಟ ಅಡ ಇಡಬೇಡ.

ಮಳೆಗೆ ಹೆದರಬೇಡ, ಆಗುಂಬೆ ಕಂಡವರಿಗೆ ಇಲ್ಲಿನದು ಜಿಟಿಜಿಟಿ ಅಷ್ಟೇ. ಕಷ್ಟ ಆಗುವುದು ಡಿಸೆಂಬರಿನಲ್ಲಿ, ಸಂಜೆ ನಾಲ್ಕಕ್ಕೇ ಕತ್ತಲು.

ನಿಮ್ಮ ಮನೆಯೂ ಮುಳುಗಡೆಯದ್ದು ಅಂದೆ, ಅಲ್ವಾ? ಅಜ್ಜಿ ಇದ್ದರೆ ಈ ವಾರವೇ ಕೂತು ಕೇಳು. ಕಾಗದ ಯಾರ ಹೆಸರಲ್ಲಿತ್ತು, ಹಕ್ಕುಪತ್ರ ಬಂತಾ, ಯಾವ ಮನೆಯವರು ಎಲ್ಲಿಗೆ ಹೋದರು. ಎಲ್ಲ ಬರೆದಿಡು. ಅರ್ಜಿ ಹಾಕುವಾಗ ನನಗೆ ಕಳಿಸು, ಓದಿ ಹೇಳುತ್ತೇನೆ.